ನೆಟ್‌ವರ್ಕ್ ಕಾರ್ಡಿನ ನಂಬರು

ಆ ಗ್ರಂಥಾಲಯದೊಳಗೆ ನಂಬರಿಲ್ಲದೆ ಪೊರಕೆಯೂ ಬರುವಂತಿರಲಿಲ್ಲ. ಕುರ್ಚಿ, ಗಡಿಯಾರ, ಕಸದ ಬುಟ್ಟಿ, ಎಲ್ಲಕ್ಕೂ ಒಂದೊಂದು ಚೀಟಿ. ಎಲ್ಲವೂ ಗ್ರಂಥಪಾಲಕಿಯ ರಿಜಿಸ್ಟರಿನಲ್ಲಿ ದಾಖಲು. ಚೀಟಿ ಅಂಟಿಸುವವನು ಬೈಂಡರ್. ಹನ್ನೊಂದು ವರ್ಷಗಳ ಕಾಲ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಅಂಟು ಬಳಿದವನು, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತು, ಮೊನ್ನೆಯಷ್ಟೇ ಮುಂದಿನ ಕೋಣೆಯ ಕುರ್ಚಿಗೆ ಬಂದಿದ್ದ.

ಮೂರನೇ ದಿನವೇ ಗ್ರಹಚಾರ ವಕ್ಕರಿಸಿತು. ಅವನೇ ಕೂರಿಸಿದ ಹೊಸ ನೆಟ್‌ವರ್ಕ್ ಕಾರ್ಡನ್ನು ಕಂಪ್ಯೂಟರು ಕಣ್ಣೆತ್ತಿಯೂ ನೋಡಲಿಲ್ಲ.

"ಮೂರು ಗಂಟೆಗೆ ತಪಾಸಣೆಯವರು ಬರ್ತಾರೆ," ಎಂದರು ಗ್ರಂಥಪಾಲಕಿ. "ಅಷ್ಟರೊಳಗೆ ಇದು ಸರಿಹೋಗದಿದ್ರೆ ನೀನು ವಾಪಸ್ ಹಿಂದಿನ ಕೋಣೆಗೆ. ನಿನ್ನ ಅಂಟಿನ ಡಬ್ಬಿ ಇನ್ನೂ ಒಣಗಿಲ್ಲ."

ಬೈಂಡರ್ ತರಗತಿಯ ನೋಟ್‌ಬುಕ್ ತೆರೆದ. ಆಫ್ ಮಾಡಿ ಆನ್ ಮಾಡಿದ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ. ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಹಾಕೋಣವೆಂದರೆ ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಇಂಟರ್ನೆಟ್ ಬರಲು ಕಾರ್ಡು ಕೆಲಸ ಮಾಡಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

"ಏನಯ್ಯಾ ಬೈಂಡರ್," ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರು ಕೆಣಕಿದರು, "ಪಾಠ ಕಲ್ತಿದ್ಯಾ, ಇಲ್ಲಾ ಬರೀ ಸರ್ಟಿಫಿಕೇಟಿಗೆ ರಟ್ಟು ಹಾಕ್ಕೊಂಡು ಬಂದ್ಯಾ?"

ಎರಡೂ ಮುಕ್ಕಾಲಿಗೆ, ಬೇರೆ ದಾರಿ ಕಾಣದೆ, ಕಂಪ್ಯೂಟರಿನ ಡಬ್ಬ ಬಿಚ್ಚಿ ಕಾರ್ಡನ್ನು ಹೊರಗೆಳೆದ. ಒಳಗೆ ಕಚ್ಚಿ ಕೂರಬೇಕಾದ ಹೊನ್ನಿನ ಬಣ್ಣದ ಅಂಚಿನ ಮೇಲೆ ತೆಳ್ಳನೆಯ ಚೀಟಿ: ದಾಸ್ತಾನು ೪೧೭. ಅವನದೇ ಗುಂಡಗಿನ ಅಕ್ಷರ. ಇಡೀ ಕಾರ್ಡಿನಲ್ಲಿ ಸಮತಟ್ಟಾದ ಜಾಗ ಅದೊಂದೇ ಎಂದು ನಿನ್ನೆ ಎಷ್ಟು ಯೋಚಿಸಿ ಅಂಟಿಸಿದ್ದ! ಒಂದು ಸುಕ್ಕೂ ಇರಲಿಲ್ಲ.

ಉಗುರಿನಿಂದ ಕಿತ್ತ. ಉಳಿದ ಅಂಟನ್ನು ರಬ್ಬರಿನಿಂದ ತಿಕ್ಕಿದ. ಕೂರಿಸಿದ. ಹಸಿರು ದೀಪ ಮಿನುಗಿತು.

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವನ ಮನಸ್ಸು ಕೇಳಬೇಕಲ್ಲ.

"ಮೇಡಂ, ತಪ್ಪು ನಂದೇ. ಚೀಟೀನ ಅಂಟಿಸಬಾರದ ಕಡೆ ಅಂಟಿಸಿದ್ದೆ. ಕಿತ್ತುಬಿಟ್ಟೆ."

"ಕಿತ್ತೆಯಾ?" ಗ್ರಂಥಪಾಲಕಿ ಗಾಬರಿಯಿಂದ ರಿಜಿಸ್ಟರ್ ತೆರೆದರು. "ಹಾಗಾದ್ರೆ ನಾನೂರ ಹದಿನೇಳು ಈಗ ಎಲ್ಲಿದೆ?"

ಬೈಂಡರ್ ಹುಡುಕಿದ. ಚೀಟಿ ಅವನ ಹೆಬ್ಬೆರಳಿಗೆ ಅಂಟಿತ್ತು. ಎಳೆದ, ಬರಲಿಲ್ಲ. ಅವನೇ ಕಾಯಿಸಿದ ಅಂಟು.

"ಇಲ್ಲಿದೆ, ಮೇಡಂ."

ಹೊರಗೆ ತಪಾಸಣೆಯವರ ಕಾರು ನಿಂತ ಸದ್ದಾಯಿತು. ಗ್ರಂಥಪಾಲಕಿ ಕನ್ನಡಕದ ಮೇಲಿಂದ ಹೆಬ್ಬೆರಳನ್ನೂ ರಿಜಿಸ್ಟರನ್ನೂ ನೋಡಿ ನಿಟ್ಟುಸಿರಿಟ್ಟರು.

"ತಪ್ಪು ನಿಂದೇ ಅಂದ್ಮೇಲೆ ಹಿಂದಿನ ಕೋಣೆಗೆ ಕಳಿಸ್ಬೇಕಿತ್ತು. ಆದ್ರೆ ನಂಬರಿರೋ ಸಾಮಾನು ಕೋಣೆ ಬದಲಾಯಿಸ್ಬೇಕಾದ್ರೆ ಮೂರು ಜನರ ಸಹಿ ಬೇಕು. ಈಗ ಎಲ್ಲಿಂದ ತರ್ಲಿ? ಕೂತ್ಕೋ ಅಲ್ಲೇ."