ನಲ್ಲಪ್ಪ ಊದದ ಸೀಟಿ

ಪೆರೇಸಂದ್ರದ ಆಚೆ, ಹೈವೇ ಬಿಟ್ಟು ಎರಡು ಕಿಲೋಮೀಟರ್ ಒಳಗೆ, ಕೆಲಸ ನಿಂತುಹೋದ ಒಂದು ಕಲ್ಲು ಕ್ವಾರಿಯ ಹೊಂಡವಿದೆ. ಮೂರಾಳು ಆಳದಲ್ಲಿ ಬಿದ್ದಿರುವ ತುಕ್ಕು ಹಿಡಿದ ಬಾಂಡ್ಲಿಯೂ ಕಾಣುವಷ್ಟು ತಿಳಿನೀರು. ನಮಗೆ ಮೀನು ಕಾಣುವ ಹಾಗೆ ಮೀನಿಗೂ ನಾವು ಕಾಣುತ್ತೇವೆ. ಕಷ್ಟವೆಲ್ಲ ಅದರಲ್ಲೇ ಇದೆ.

ನಾನು ಸುಧೀಂದ್ರ, ಹೈಸ್ಕೂಲು ಮೇಷ್ಟ್ರು. ನಮ್ಮ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ. ಮೀನು ಹಿಡಿಯುವುದು, ಒಂದು ಗಳಿಗೆ ಅಂಗೈಯಲ್ಲಿಟ್ಟು ನೋಡುವುದು, ವಾಪಸ್ ನೀರಿಗೆ ಬಿಡುವುದು, ಇದು ನನ್ನ ಹುಚ್ಚು. ಶನಿವಾರ ಸ್ಪೆಷಲ್ ಕ್ಲಾಸ್ ಇದೆಯೆಂದು ಅಮ್ಮನಿಗೆ ಸುಳ್ಳು ಹೇಳಿ ಬರುತ್ತಿದ್ದೆ.

ಆ ಹೊಂಡದಲ್ಲಿ ಒಂದು ಮುದಿ ಗೆಂಡೆಮೀನು ಇತ್ತು. ಹಿಟ್ಟಿನುಂಡೆಯನ್ನು ಮೂಸಿಯೂ ನೋಡುತ್ತಿರಲಿಲ್ಲ, ಎರೆಹುಳುವನ್ನು ಕಂಡರೆ ಬೆನ್ನು ತಿರುಗಿಸುತ್ತಿತ್ತು. ಮಳೆ ಬಂದು ಹೋದ ಮೇಲೆ ನೀರಿಗೆ ಬೀಳುವ ರೆಕ್ಕೆಹುಳುಗಳನ್ನು ಮಾತ್ರ, ಅದರಲ್ಲೂ ರೆಕ್ಕೆ ಅಗಲಿಸಿಕೊಂಡು ಬಿದ್ದವನ್ನು ಮಾತ್ರ, ಆರಿಸಿ ತಿನ್ನುತ್ತಿತ್ತು. ಶಿಡ್ಲಘಟ್ಟದಿಂದ ರೇಷ್ಮೆ ಎಳೆ ತಂದು, ಕೋಳಿಪುಕ್ಕ ಸೇರಿಸಿ, ಗಾಳದ ಮೇಲೆ ಅಂಥದೇ ಹುಳು ಕಟ್ಟಿದೆ. ಎರಡು ವರ್ಷದಲ್ಲಿ ನಲವತ್ತು ಹುಳು ಕಟ್ಟಿರಬಹುದು. ಒಂದೂ ಅದಕ್ಕೆ ಹಿಡಿಸಲಿಲ್ಲ.

“ನಿನ್ನ ಮೋಸ ಅದಕ್ಕೆ ಗೊತ್ತಾಗೈತೆ ಕಣಪ್ಪ ಮೇಷ್ಟ್ರೇ,” ಎಂದು ನಗುತ್ತಿದ್ದಳು ಅಶ್ವತ್ಥಮ್ಮ. ಹೊಂಡದ ಮೇಲಿನ ಗುಡ್ಡದಲ್ಲಿ ಮೇಕೆ ಮೇಯಿಸುತ್ತಿದ್ದ ಮುದುಕಿ. ನನ್ನನ್ನು ರೇಗಿಸದಿದ್ದರೆ ಅವಳಿಗೆ ಮಧ್ಯಾಹ್ನ ಸರಿಯುತ್ತಿರಲಿಲ್ಲ.

ಪಕ್ಕದ ಕ್ವಾರಿ ಇನ್ನೂ ನಡೆಯುತ್ತಿತ್ತು. ಸಿಡಿಮದ್ದು ಹೊತ್ತಿಸುವ ಮುಂಚೆ ಕಾವಲುಗಾರ ನಲ್ಲಪ್ಪ ನಮ್ಮ ಹೊಂಡದ ಅಂಚಿಗೆ ಬಂದು ಮೂರು ಸಲ ಸೀಟಿ ಊದಬೇಕು. ಅಶ್ವತ್ಥಮ್ಮ ಮೇಕೆ ಹೊಡೆದುಕೊಂಡು ಇಳಿದು ಬಂದು, ನಾನಿದ್ದ ಬಂಡೆಗೋಡೆಯ ಮರೆಗೆ ನಿಲ್ಲುತ್ತಿದ್ದಳು. ಕಲ್ಲುಚೂರುಗಳು ನಮ್ಮ ತಲೆಯ ಮೇಲೆ ಹಾದು ಹೋಗುತ್ತಿದ್ದವು. ಸಿಡಿತದ ಸದ್ದು ಗೆಂಡೆಗೆ ರೂಢಿಯಾಗಿತ್ತು. ಆದರೆ ಆ ಸೀಟಿಗೋ ನಲ್ಲಪ್ಪನ ನೆರಳಿಗೋ ಅದು ತಳ ಸೇರಿದರೆ ಕತ್ತಲಾಗುವವರೆಗೂ ಮೇಲೆ ಬರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನಲ್ಲಪ್ಪ, ನೀನು ಇಲ್ಲಿಗೆ ಬರಬೇಡ. ದಿಬ್ಬದ ಮೇಲೆ ನಿಂತು ಕೆಂಪು ಬಟ್ಟೆ ಬೀಸು, ಸಾಕು.”

“ಮುದುಕಿಗೆ ಬಟ್ಟೆ ಕಾಣಲ್ಲ ಸಾರ್.”

“ನಾನಿದೀನಲ್ಲ, ನಾನು ಕೂಗಿ ಕರೀತೀನಿ.”

ಮೇಷ್ಟ್ರ ಮಾತು ಎಂದು ಅವನು ಒಪ್ಪಿಕೊಂಡ. ಐದು ಶನಿವಾರ ಹಾಗೇ ನಡೆಯಿತು. ಬಟ್ಟೆ ಬೀಸಿದೊಡನೆ ನಾನು ಕೂಗುತ್ತಿದ್ದೆ, ಅವಳು ಇಳಿದು ಬರುತ್ತಿದ್ದಳು. ಕೂಗಿದಾಗಲೂ ಗೆಂಡೆ ಓಡಿಹೋಗುತ್ತಿತ್ತು ಎಂಬುದನ್ನು ಮಾತ್ರ ನಾನು ನಲ್ಲಪ್ಪನಿಗೆ ಹೇಳಲಿಲ್ಲ.

ಆರನೆಯ ಶನಿವಾರ ಮಧ್ಯಾಹ್ನ ಮಳೆ ಬಿದ್ದು ನಿಂತಿತ್ತು. ಹುಳುಗಳು ಎದ್ದಿದ್ದವು. ಅಶ್ವತ್ಥಮ್ಮ ಗುಡ್ಡದ ಹಿಂಬದಿಯಲ್ಲಿದ್ದಳು, ಮೇಕೆಗಳನ್ನು ಬೈಯುವ ದನಿ ಕೇಳಿಸುತ್ತಿತ್ತು. ನಾನು ಎಸೆದ ಹುಳು ರೆಕ್ಕೆ ಅಗಲಿಸಿಕೊಂಡು ನೀರಿನ ಮೇಲೆ ಕೂತಿತು. ಕೆಳಗಿನಿಂದ ಗೆಂಡೆ ಹೊರಟಿತು. ತಿರುಗಲಿಲ್ಲ, ಅನುಮಾನಿಸಲಿಲ್ಲ, ನಿಧಾನವಾಗಿ ನೇರ ಮೇಲಕ್ಕೇ ಬಂತು. ಎರಡು ವರ್ಷದಲ್ಲಿ ಅದು ಹಾಗೆ ಬಂದದ್ದು ಅದೇ ಮೊದಲು.

ಕಣ್ಣಂಚಿನಲ್ಲಿ ಕೆಂಪು ಆಡಿತು.

ನನಗೆ ಕಾಣಲಿಲ್ಲ ಎನ್ನಲಾರೆ. ಕಂಡಿತು. ಕೂಗಬೇಕು ಎಂದು ಬಾಯಿಯನ್ನೂ ತೆರೆದೆ. ಇನ್ನೊಂದು ಮೊಳ, ಅದು ಬಾಯಿ ಹಾಕಲಿ, ಆಮೇಲೆ ಕೂಗಿದರಾಯಿತು ಎಂದುಕೊಂಡೆ. ಬಟ್ಟೆ ಮತ್ತೆ ಆಡಿತು. ಗೆಂಡೆ ಹುಳುವಿನ ಕೆಳಗೇ ನಿಂತು ನೋಡಿತು. ನಾನು ಉಸಿರು ಬಿಗಿಹಿಡಿದೆ. ಮೂರನೆಯ ಸಲ ಆಡಿದ ಬಟ್ಟೆ ಕೆಳಗಿಳಿಯಿತು. ಗೆಂಡೆ ಬಾಯಿ ತೆರೆದು ಹುಳುವನ್ನು ಒಳಗೆಳೆದುಕೊಂಡಿತು.

“ಅಶ್ವತ್ಥಮ್ಮಾ!” ಎಂದು ಕಿರುಚಿದೆ. ಅಷ್ಟರಲ್ಲಿ ನೆಲ ನಡುಗಿತು.

ಕಲ್ಲುಗಳು ಬೀಳುವುದು ನಿಂತ ಮೇಲೂ ನನ್ನ ಕೈಯಲ್ಲಿ ದಾರ ಜಗ್ಗುತ್ತಲೇ ಇತ್ತು. ದಾರ ಕತ್ತರಿಸಿ ಗುಡ್ಡ ಹತ್ತಿದೆ. ಅವಳು ಒಂದು ಮರಿಯನ್ನು ಎದೆಗೆ ಅವಚಿಕೊಂಡು ಮಗ್ಗುಲಾಗಿ ಬಿದ್ದಿದ್ದಳು. ಮರಿ ಬದುಕಿತ್ತು.

ಸಂಜೆ ಪೊಲೀಸರು ಬಂದರು. ನಲ್ಲಪ್ಪ ನನ್ನ ಮುಖ ನೋಡದೆ, “ಅಂಚಿಗೆ ಬಂದು ಮೂರು ಸಲ ಊದಿದೆ ಸಾರ್,” ಎಂದ. ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. ಊದಲಿಲ್ಲ ಎಂದರೆ ಏಕೆ ಊದಲಿಲ್ಲ ಎಂಬುದನ್ನೂ ನಾನೇ ಹೇಳಬೇಕಿತ್ತು.

“ಹೌದು, ಊದಿದ,” ಎಂದೆ.

“ಮೇಷ್ಟ್ರೇ ಹೇಳ್ತಿದಾರಲ್ಲ. ಪಾಪ, ವಯಸ್ಸಾಗಿತ್ತು, ಕಿವಿ ಕೇಳಿಸಿರಲ್ಲ,” ಎಂದು ಅವರು ಬರೆದುಕೊಂಡರು. ನಿಂತಿದ್ದವರೆಲ್ಲ ತಲೆಯಾಡಿಸಿದರು.

ಅವಳ ಮಗಳು ಗಂಗುಲಮ್ಮ ಮಾತ್ರ ತಲೆಯಾಡಿಸಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಳು.

“ಅಮ್ಮನ ಕಿವಿ ಚೆನ್ನಾಗಿತ್ತು ಸಾರ್. ಗುಡ್ಡದಲ್ಲಿ ಮರಿ ಅತ್ರೆ, ಮನೇಲಿ ಕೂತು ಯಾವ ಮರಿ ಅಂತ ಹೇಳೋಳು. ನಿಮಗೆ ಸೀಟಿ ಕೇಳಿಸ್ತಾ, ನಿಜವಾಗ್ಲೂ?”

“ಕೇಳಿಸ್ತಮ್ಮ,” ಎಂದೆ.