ಹತ್ತು ಸಾವಿರದೊಂದನೆಯ ಪುಟ

"ಇದು ಸವೆತ ಅಲ್ಲ ಅಣ್ಣ, ಬೀಗ! ನಮ್ಮನ್ನ ಏನಂದ್ಕೊಂಡಿದಾರೆ ಇವರು?" ತಂಗಿ ಮೇಜನ್ನು ಗುದ್ದಿದಳು.

ಅಂಧ ಮಕ್ಕಳ ಶಾಲೆಯ ಬ್ರೈಲ್ ಮುದ್ರಣಯಂತ್ರ ಅಂದು ಬೆಳಿಗ್ಗೆ ಗಣಿತದ ಪ್ರಶ್ನೆಪತ್ರಿಕೆಯನ್ನು ಅಚ್ಚುಮಾಡದೆ ನಿಂತಿತ್ತು. 'ಸೂಜಿಗಳು ಸವೆದಿವೆ, ಹೊಸ ಯಂತ್ರ ಕೊಳ್ಳಿ' ಎಂದು ಇಂಪಾದ ದನಿಯಲ್ಲಿ ನುಡಿಯುತ್ತಿತ್ತು. ಪರೀಕ್ಷೆ ಹನ್ನೊಂದಕ್ಕೆ. ಪತ್ರಿಕೆ ಸಿದ್ಧವಾಗದಿದ್ದರೆ ಯಾರೋ ಒಂದು ಸಲ ಓದಿದ ಲೆಕ್ಕವನ್ನು ಹತ್ತು ಮಕ್ಕಳು ತಲೆಯಲ್ಲೇ ಹಿಡಿದಿಟ್ಟುಕೊಳ್ಳಬೇಕು. ಅಲ್ಲಿನ ಗಣಿತದ ಮೇಷ್ಟ್ರಾದ ಅಣ್ಣನೂ ದೃಷ್ಟಿಹೀನ. ಬಾಲ್ಯದಲ್ಲಿ ಅಂಥದೇ ಪರೀಕ್ಷೆಯಲ್ಲಿ ನಪಾಸಾಗಿ ಒಂದು ವರ್ಷ ಕಳೆದುಕೊಂಡವನು.

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ತಂಗಿ ಯಂತ್ರವನ್ನು ಬಿಚ್ಚಿ ನೋಡಿದ್ದಳು. ಸೂಜಿಗಳು ಹೊಸವುಗಳಂತೆ ಚೂಪಾಗಿದ್ದವು. ಯಂತ್ರದ ಲೆಕ್ಕದ ಪ್ರಕಾರ ಅದುವರೆಗೆ ಅಚ್ಚಾದ ಪುಟಗಳು ಮಾತ್ರ ಸರಿಯಾಗಿ ಹತ್ತು ಸಾವಿರ. ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಚಿಪ್ಪಿನೊಳಗಿನ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಅಂಕಿಗಳನ್ನು ಮತ್ತೆ ಆಜ್ಞೆಗಳಾಗಿ ಬಿಡಿಸಿ ತೋರಿಸುವ ಡಿಸ್ಅಸೆಂಬ್ಲರಿನಲ್ಲಿ ತೆರೆದಳು. ಯಾರೋ ಬರೆದು, ಎಲ್ಲರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟ ಉಪಕರಣವದು. ಆದರೆ ಹತ್ತು ಸಾವಿರ ಎಂಬ ಸಂಖ್ಯೆ ಎಲ್ಲಿಯೂ ಸಿಗಲಿಲ್ಲ.

"ಒಳಗೆ ಕೈ ಹಾಕೋದು ಸರಿನಾಮ್ಮ? ನಾಳೆ ಕಂಪನಿಯವರು ಕೇಳಿದ್ರೆ?" ಮುಖ್ಯೋಪಾಧ್ಯಾಯಿನಿ ಅಳುಕಿದರು.

"ಕೇಳ್ಲಿ ಮೇಡಂ. ಯಂತ್ರ ನಿಮ್ದು. ಮಕ್ಕಳ ಮುಂದೆ ಅದು ಹೇಳ್ತಿರೋ ಸುಳ್ಳು ಅವರದು."

"ಏನು ಹುಡುಕ್ತಿದೀಯ, ಪುಟ್ಟಿ?" ಅಣ್ಣ ಕೇಳಿದ.

"ಇಪ್ಪತ್ತೇಳು, ಆಮೇಲೆ ಹತ್ತು. ಯಂತ್ರ ನಮ್ಮ ಹಾಗೆ ಹತ್ತರಲ್ಲಲ್ಲ, ಹದಿನಾರರಲ್ಲಿ ಎಣಿಸುತ್ತೆ; ಆ ಎಣಿಕೇಲಿ ಹತ್ತು ಸಾವಿರ ಅಂದ್ರೆ ಈ ಎರಡು ತುಂಡು."

ಅಣ್ಣ ಗೊಳ್ಳೆಂದು ನಕ್ಕ. "ಪ್ರತಿ ವರ್ಷ ನಿನ್ನ ಪಾಠ ನನಗೊಪ್ಪಿಸಿ ತಲೆ ತಿಂತೀಯಲ್ಲೇ! ಆ ಚಿಪ್ಪು ಸಂಖ್ಯೆಯ ಬಾಲ ಮೊದಲು ಇಡುತ್ತೆ, ತಲೆ ಆಮೇಲೆ ಅಂದವಳು ಯಾರು?"

"ಅಯ್ಯೋ! ಹತ್ತು, ಆಮೇಲೆ ಇಪ್ಪತ್ತೇಳು! ಹುಡುಗ್ರು ಈ ತಪ್ಪು ಮಾಡಿದ್ರೆ ಅಂಕ ಕತ್ತರಿಸ್ತೀನಿ ನಾನು!"

ತಿರುಗಿಸಿ ಹುಡುಕಿದಳು. ಸಿಕ್ಕಿತು, ಒಂದೇ ಕಡೆ! ಅಕ್ಕಪಕ್ಕದ ಆಜ್ಞೆಗಳನ್ನು ಒಂದೊಂದಾಗಿ ಓದಿದಳು: ಪುಟ ಇಷ್ಟಾದರೆ ಮುದ್ರಣ ನಿಲ್ಲಿಸು, ಸವೆದಿದೆ ಎಂದು ನುಡಿ.

"ಸೂಜಿ ನೋಡೋ ಆಜ್ಞೆ ಎಲ್ಲಿದೆ?" ಮುಖ್ಯೋಪಾಧ್ಯಾಯಿನಿ ಬಾಗಿದರು.

"ಇಲ್ಲ ಮೇಡಂ. ಅದು ನೋಡೋದೇ ಇಲ್ಲ."

ಅವರ ಮುಖ ಕೆಂಪೇರಿತು. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ನುಡಿಯಲು ಕಲಿಸಿದ ಹೆಂಗಸು. "ಹಾಗಾದ್ರೆ ಕಿತ್ತು ಹಾಕು."

ಮೂಲದ ಪ್ರತಿಯೊಂದನ್ನು ತೆಗೆದಿಟ್ಟು, ಆ ಆಜ್ಞೆಯ ಜಾಗದಲ್ಲಿ 'ಸುಮ್ಮನಿರು' ಎಂದು ಬರೆದು, ಅಸೆಂಬ್ಲರಿನಿಂದ ಮತ್ತೆ ಅಂಕಿಯಾಗಿಸಿ ಚಿಪ್ಪಿಗೆ ತುಂಬಿದಳು. ಯಂತ್ರ ಒಮ್ಮೆ ನಡುಗಿ, ಕಟಕಟನೆ ಓಡತೊಡಗಿತು. ಅಣ್ಣ ಮೊದಲ ಪುಟವನ್ನು ಕೆಳಗೆ ಬೀಳಲೂ ಬಿಡದೆ ಹಿಡಿದ.

ಹನ್ನೊಂದರ ಗಂಟೆ ಬಾರಿಸಿದಾಗ ಮೂವರೂ ಕೊಠಡಿಯ ಬಾಗಿಲಲ್ಲಿದ್ದರು. ಒಳಗೆ ಕಾಗದದ ಮೇಲೆ ಬೆರಳುಗಳು ಸರಿಯುವ ಸದ್ದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸಾಲಿನ ಕೊನೆ ಮುಟ್ಟಿ ಬೆರಳು ನಿಲ್ಲಿಸಿದಳು, ಅದನ್ನು ಸಾಲಿನ ಮೊದಲಿಗೆ ತಂದು ನಿಧಾನವಾಗಿ ಇನ್ನೊಮ್ಮೆ ಓದಿದಳು.