ಒತ್ತಿದ್ದಕ್ಕೂ ಬಿಟ್ಟಿದ್ದಕ್ಕೂ ನಡುವೆ

ಥಂಡರ್ ಬೇ ಊರಿನ ಐನಾರ್ ಹಕಲನಿಗೆ ಯಾರಾದರೂ ಪತ್ರ ಬರೆದರೆಂದರೆ ಎಲ್ಲೋ ಏನೋ ಕೆಟ್ಟಿದೆಯೆಂದೇ ಅರ್ಥ. ಎಲ್ಲ ಸರಿಯಿದ್ದಾಗ ಅವನಿಗೆ ಬರೆಯುವವರೇ ಇರಲಿಲ್ಲ.

ಮರ ಕಡಿಯುವ ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಗಳಿಗೆಂದು ಇಪ್ಪತ್ತೆರಡು ವರ್ಷದ ಹಿಂದೆ ಅವನೊಂದು ಪ್ರೋಗ್ರಾಂ ಬರೆದಿದ್ದ. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಅಕ್ಷರಗಳು, ಗೆರೆ ಎಳೆದ ಮನೆಗಳು. ಒಂದು ಮನೆಯಲ್ಲಿ ಭಾಗದ ನಂಬರು, ಮುಂದಿನದರಲ್ಲಿ ಎಷ್ಟು ಬೇಕು, ಅದರ ಮುಂದೆ ಯಾವ ಕಪಾಟು. ಟ್ಯಾಬ್ ಕೀಲಿ ಒತ್ತಿದರೆ ಮನೆಯಿಂದ ಮನೆಗೆ ಹೋಗಬಹುದು. ಮೂರು ವರ್ಷದ ಹಿಂದೆ ಯಾರೋ ಕೇಳಿದರೆಂದು ಮೌಸ್ ಒತ್ತಿದರೂ ಹೋಗುವಂತೆ ಮಾಡಿಕೊಟ್ಟಿದ್ದ. ಸುಪೀರಿಯರ್ ಸರೋವರದ ದಂಡೆಯುದ್ದಕ್ಕೂ ಹನ್ನೊಂದು ಅಂಗಡಿಗಳಲ್ಲಿ ಅದು ಇನ್ನೂ ನಡೆಯುತ್ತಿತ್ತು. ಅವುಗಳಲ್ಲಿ ಒಂದಕ್ಕೂ ಅವನು ಕಾಲಿಟ್ಟು ವರ್ಷಗಳಾಗಿದ್ದವು.

ನವೆಂಬರಿನಲ್ಲಿ ಹ್ಯಾಲೆಟ್ ಕೋವ್ ಊರಿನ ಅಂಗಡಿಯ ಲೋರ್ನಾ ಬುಚಾಕ್ ಎಂಬಾಕೆ ಇಮೇಲ್ ಬರೆದಳು. 'ನಂಬರು ಹೊಡೆದು ಮುಂದಿನ ಮನೆಯ ಮೇಲೆ ಮೌಸ್ ಒತ್ತಿದರೆ ಹೊಡೆದದ್ದು ಅಳಿಸಿಹೋಗುತ್ತದೆ. ಮುಂದಿನ ಮನೆಗೂ ಹೋಗುವುದಿಲ್ಲ.'

ಐನಾರ್ ತನ್ನ ಅಡುಗೆಮನೆಯ ಮೇಜಿನ ಮೇಲೆ ಅದನ್ನೇ ನಲವತ್ತು ಸಲ ಮಾಡಿ ನೋಡಿದ. ನಲವತ್ತು ಸಲವೂ ಸರಿಯಾಗಿಯೇ ನಡೆಯಿತು. 'ಇಲ್ಲಿ ಸರಿಯಿದೆ. ಟ್ಯಾಬ್ ಒತ್ತಿ' ಎಂದು ಬರೆದ.

'ಟ್ಯಾಬ್ ನನಗೂ ಗೊತ್ತು. ಮೌಸ್ ಕೆಲಸ ಮಾಡಬೇಕು' ಎಂದು ಉತ್ತರ ಬಂತು.

ಅವನು ಮತ್ತೆ ನೋಡಿದ, ಮತ್ತೆ ಸರಿಯಿತ್ತು, ಮತ್ತೆ ಹಾಗೆಯೇ ಬರೆದ. ಮೂರನೆಯ ಪತ್ರ ಖಾರವಾಗಿತ್ತು: 'ತಪ್ಪು ನನ್ನದೇ ಎಂದು ಮಾಲೀಕರು ನನ್ನನ್ನು ಕೌಂಟರಿನಿಂದ ಹಿಂದಿನ ಉಗ್ರಾಣಕ್ಕೆ ಹಾಕುವವರಿದ್ದಾರೆ. ತಪ್ಪು ನನ್ನದೋ ನಿಮ್ಮದೋ, ಬಂದು ನೋಡಿ ಹೇಳಿ.'

ವರ್ಷಗಳಿಂದ ಯಾರೂ ಅವನನ್ನು ಬಾ ಎಂದು ಕರೆದಿರಲಿಲ್ಲ. ಬೈಗುಳದ ಜೊತೆಗೇ ಬಂದಿದ್ದರೂ ಅದು ಕರೆಯೇ. ಮಾರನೆಯ ಬೆಳಿಗ್ಗೆ ಫ್ಲಾಸ್ಕಿಗೆ ಕಾಫಿ ಸುರಿದುಕೊಂಡು ಟ್ರಕ್ ಹತ್ತಿದ. ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ ಹುಡುಗಿಗೆ 'ಥ್ಯಾಂಕ್ಸ್' ಅನ್ನಹೋದರೆ ಗಂಟಲಲ್ಲಿ ಕಫ ಕಟ್ಟಿದಂತಾಗಿ ಮಾತೇ ಹೊರಡಲಿಲ್ಲ. ಲೆಕ್ಕ ಹಾಕಿದ. ಬಾಯಿ ತೆರೆದು ಮಾತಾಡಿ ಮೂರು ದಿನವಾಗಿತ್ತು.

ಅಂಗಡಿಯಲ್ಲಿ ಗ್ರೀಸಿನ ವಾಸನೆ. ಕೌಂಟರಿನ ಮುಂದೆ ನಾಲ್ಕು ಮಂದಿ ಮರ ಕಡಿಯುವವರು ಸಾಲು ನಿಂತಿದ್ದರು. ಕೌಂಟರಿನ ಹಿಂದೆ ಲೋರ್ನಾ, ಅರವತ್ತರ ಆಸುಪಾಸಿನ, ಬೆಳ್ಳಿಗೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ ಹೆಂಗಸು.

'ಲೋರ್ನಾ, ನಾ ಕಡೀಬೇಕಾದ ಮರ ನೆಟ್ಟಿದ್ದು ನಮ್ಮಜ್ಜ ಕಣೇ,' ಎಂದ ಸಾಲಿನ ಮೊದಲಿಗ ರೆಜಾನ್. 'ಆ ಹೋಸ್ ಪೈಪು ನನ್ನ ಮೊಮ್ಮಗನ ಕಾಲಕ್ಕಾದ್ರೂ ಸಿಗುತ್ತಾ?'

'ನಿನಗೆ ಮೊದ್ಲು ಹೆಂಡ್ತಿ ಸಿಗ್ಲಿ, ಆಮೇಲೆ ಮೊಮ್ಮಗನ ಮಾತು,' ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. ಸಾಲು ಗೊಳ್ಳೆಂದಿತು.

ಐನಾರ್ ತನ್ನ ಹೆಸರು ಹೇಳಿದ. ಅವಳು ತಲೆಯಿಂದ ಕಾಲಿನವರೆಗೆ ನೋಡಿದಳು.

'ಟ್ಯಾಬ್ ಒತ್ತಿ ಅನ್ನೋರು ನೀವೇನಾ? ಬನ್ನಿ, ಈ ಕಡೆಯಿಂದ ನೋಡಿ.'

ಅವನು ಕೌಂಟರಿನ ಹಿಂದೆ ಹೋಗಿ ನಿಂತ. ಅವಳು ಎಡಗೈಯ ಬೆರಳುಗಳಲ್ಲಿ ಚಕಚಕನೆ ನಂಬರು ಹೊಡೆದಳು. ಆಮೇಲೆ ತೊಡೆಯ ಮೇಲಿದ್ದ ಬಲಗೈಯನ್ನು, ಮಲಗಿದ್ದ ಮಗುವನ್ನು ಎತ್ತುವಂತೆ ಎಡಗೈಯಿಂದ ಎತ್ತಿ ಮೌಸಿನ ಮೇಲಿಟ್ಟಳು. ಕೈ ನಿಧಾನವಾಗಿ ಜರುಗಿತು. ಬಾಣದ ಗುರುತು ಮುಂದಿನ ಮನೆ ತಲುಪಿತು. ತೋರುಬೆರಳು ಗುಂಡಿಯನ್ನು ಒತ್ತಿ, ಒತ್ತಿಕೊಂಡೇ ಇತ್ತು. ಅದನ್ನು ಮೇಲೆತ್ತಲು ಅವಳು ಹಲ್ಲು ಕಚ್ಚಿದ್ದು ಐನಾರನಿಗೆ ಕಂಡಿತು. ಬೆರಳು ಎದ್ದಾಗ ಸೆಕೆಂಡಿನ ಮೇಲಾಗಿತ್ತು. ಹೊಡೆದಿದ್ದ ನಂಬರು ಮಾಯವಾಗಿತ್ತು.

'ನೋಡಿದ್ರಾ?'

ನೋಡಿದ್ದ. ನೋಡಿದೊಡನೆ ಅರ್ಥವೂ ಆಯಿತು, ಮುಖ ಬಿಸಿಯಾಯಿತು. ಯಂತ್ರಕ್ಕೆ ಕ್ಲಿಕ್ ಎಂಬುದು ಒಂದಲ್ಲ, ಎರಡು ಸುದ್ದಿ: ಗುಂಡಿ ಕೆಳಗೆ ಹೋಯಿತು ಎಂಬುದೊಂದು, ಮೇಲೆ ಬಂತು ಎಂಬುದೊಂದು. ಎರಡರ ನಡುವೆ ಅವನು ಕೊಟ್ಟಿದ್ದ ಗಡುವು ಸೆಕೆಂಡಿನ ಆರರಲ್ಲೊಂದು ಪಾಲು. ಮೊದಲ ಸುದ್ದಿ ಬರುತ್ತಲೇ ಪ್ರೋಗ್ರಾಂ ಹಳೆಯ ಮನೆ ಬಿಟ್ಟು ಹೊರಡುತ್ತಿತ್ತು. ಎರಡನೆಯದು ಗಡುವಿನೊಳಗೆ ಬಂದರೆ ಮಾತ್ರ ಹೊಡೆದದ್ದನ್ನು ಉಳಿಸಿಕೊಂಡು ಹೊಸ ಮನೆಗೆ ಹೋಗುತ್ತಿತ್ತು. ಚುರುಕು ಬೆರಳಿನವರಿಗೆ ಎರಡೂ ಒಟ್ಟಿಗೇ ಆಗುತ್ತಿದ್ದವು. ಅವನ ಬೆರಳು ನಲವತ್ತು ಸಲವೂ ಚುರುಕಾಗಿಯೇ ಇತ್ತು.

'ತಪ್ಪು ನಂದು,' ಎಂದ. 'ನಿಮ್ದಲ್ಲ.'

'ಜೋರಾಗಿ ಹೇಳಿ. ಮಾಲೀಕರು ಒಳಗಿದಾರೆ.'

ಅವನು ಜೋರಾಗಿಯೇ ಹೇಳಿದ. ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು, ಯಾರೂ ಹೊರಗೆ ಬರಲಿಲ್ಲ.

'ಕೈ ಹೀಗಿದೆ ಅಂತ ಒಂದು ಮಾತು ಬರೀಬಹುದಿತ್ತಲ್ಲ?'

'ನೀವು ಕೇಳಿದ್ದು ಕಂಪ್ಯೂಟರ್ ವಿಚಾರ. ನನ್ನ ವಿಚಾರ ಯಾರು ಕೇಳಿದ್ರು?' ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: 'ಮಾರ್ಚಲ್ಲಿ ಸ್ಟ್ರೋಕ್ ಆಯ್ತು. ಟ್ಯಾಬು ಎಡಗೈಯಲ್ಲೇ ಒತ್ತಬಹುದು, ನಂಗೇನು ಗೊತ್ತಿಲ್ವಾ? ಆದ್ರೆ ವ್ಯಾಯಾಮ ಮಾಡಿಸೋ ಹುಡುಗಿ ಹೇಳಿದಾಳೆ, ಬಲಗೈಗೆ ಕೆಲಸ ಕೊಡಿ, ಸುಮ್ನೆ ಕೂರಿಸಿದ್ರೆ ಅದು ಮರೆತೇಬಿಡುತ್ತೆ ಅಂತ. ಅದಕ್ಕೆ ಈ ಕೆಲಸ ಇಟ್ಟಿದೀನಿ.'

ಸಿಬ್ಬಂದಿ ಊಟ ಮಾಡುವ ಸಣ್ಣ ಮೇಜಿನಲ್ಲಿ, ಮೈಕ್ರೋವೇವಿನ ಪಕ್ಕ ಕೂತು ಐನಾರ್ ಲ್ಯಾಪ್‌ಟಾಪ್ ತೆರೆದ. ಗುಂಡಿ ಕೆಳಗೆ ಹೋದೊಡನೆ ಹೊಡೆದದ್ದನ್ನು ಮೊದಲು ಉಳಿಸಿಕೊಳ್ಳಬೇಕು. ಆಮೇಲೆ ಗುಂಡಿ ಯಾವಾಗ ಮೇಲೆ ಬಂದರೂ ಸರಿ, ಕಾಯಬೇಕು. ಇಷ್ಟೇ. ಆದರೆ ಒತ್ತಿದ ಬೆರಳು ಎದ್ದೇಳುವ ಹೊತ್ತಿಗೆ ಅವಳ ಕೈ ಕೆಲವೊಮ್ಮೆ ಪಕ್ಕದ ಸಾಲಿಗೆ ಜಾರಿರುತ್ತಿತ್ತು. ಒತ್ತಿದ ಜಾಗವೇ ಲೆಕ್ಕ, ಬಿಟ್ಟ ಜಾಗವಲ್ಲ ಎಂದು ಬದಲಿಸಿದ. ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ನಾಲ್ಕು ಸಲ ಲೋರ್ನಾಳನ್ನು ಕರೆದು ಒತ್ತಿಸಿದ. ನಾಲ್ಕನೆಯ ಸಲ ನಂಬರು ನಿಂತಿತು, ಗುರುತು ಮುಂದಿನ ಮನೆಗೆ ಹೋಗಿ ಮಿನುಗಿತು.

ಅವಳು ಇನ್ನೊಂದು ಸಲ ಒತ್ತಿದಳು. ಮತ್ತೊಂದು ಸಲ. ಬೇಕೆಂದೇ ಬಹಳ ಹೊತ್ತು ಒತ್ತಿ ಹಿಡಿದು, ಆಮೇಲೆ ಬಿಟ್ಟಳು.

'ಕಾಯುತ್ತಲ್ಲ!' ಎಂದಳು.

ಊಟಕ್ಕೆ ಅವಳ ಡಬ್ಬಿಯ ಪೆರೋಗಿಯಲ್ಲಿ ಅರ್ಧ ಅವನಿಗೆ ಬಂತು. ಆಲೂಗಡ್ಡೆ ತುಂಬಿ ಬೇಯಿಸಿ ಬೆಣ್ಣೆಯಲ್ಲಿ ಬಾಡಿಸಿದ ಕಡುಬು, ಮೇಲೆ ಹುಳಿ ಕೆನೆ. ಒಂದೇ ಕೈಯಲ್ಲಿ ಅಂಚು ಮಡಚುವುದು ಕಲಿಯಲು ಬೇಸಿಗೆ ಪೂರ್ತಿ ಬೇಕಾಯಿತು ಎಂದಳು. ಐನಾರ್ ಒಬ್ಬನೇ ಇರುವುದನ್ನು ಅವಳು ಕೇಳದೆಯೇ ತಿಳಿದುಕೊಂಡಂತಿತ್ತು. ಉಳಿದ ಮೂರನ್ನು ಕಾಗದದಲ್ಲಿ ಸುತ್ತಿಕೊಟ್ಟಳು. ಕತ್ತಲಾಗುವ ಮೊದಲು ಮನೆ ಸೇರಬೇಕೆಂದು ಅವನು ಹೊರಟ.

ಡಿಸೆಂಬರ್ ಬಂತು. ಹನ್ನೊಂದು ಅಂಗಡಿಗಳಿಗೂ ತಿದ್ದಿದ ಪ್ರೋಗ್ರಾಂ ಕಳಿಸಿದ್ದಾಗಿತ್ತು. ಬೆಳಿಗ್ಗೆ ಎದ್ದೊಡನೆ ಅವನು ಇಮೇಲ್ ನೋಡುತ್ತಿದ್ದ. ಕಾಫಿಯಾದ ಮೇಲೆ ಮತ್ತೊಮ್ಮೆ. ಏನೂ ಇರುತ್ತಿರಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಆಗಿತ್ತು. ಶನಿವಾರ ಹಬೆಸ್ನಾನದ ಕೋಣೆ ಸೌನಾದ ಒಲೆಗೆ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ನೀರೆರಚಿ, ಹಬೆಯಲ್ಲಿ ಕೂತು, 'ಕಾಯುತ್ತಲ್ಲ!' ಎಂದು ಅವಳು ಅಂದಿದ್ದನ್ನು ಜೋರಾಗಿ ಅಂದು ನೋಡಿದ. ಹಲಗೆಗೋಡೆಗಳ ನಡುವೆ ಅವನ ದನಿ ಯಾರದೋ ದನಿಯಂತೆ ಕೇಳಿಸಿತು. ಒಂದು ದಿನ ಒಂದು ಕೆಟ್ಟ ಯೋಚನೆಯೂ ಬಂದುಹೋಯಿತು: ಎಲ್ಲಾದರೂ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ತಪ್ಪು ಹಾಗೇ ಬಿಟ್ಟಿದ್ದರೆ ಅವಳು ಬರೆಯುತ್ತಿದ್ದಳೇನೋ. ನಾಚಿಕೆಯಾಯಿತು. ಎದ್ದು ಹಿಮ ಗುಡಿಸಲು ಹೋದ.

ಜನವರಿಯ ಎರಡನೆಯ ವಾರ ಅಂಗಡಿಗೆ ಫೋನ್ ಮಾಡಿದ.

'ಐನಾರಾ? ಯಾಕ್ರೀ, ಏನಾದ್ರೂ ಕೆಟ್ಟಿದೆಯಾ?' ಲೋರ್ನಾಳ ದನಿಯಲ್ಲಿ ಗಾಬರಿ.

'ಏನಿಲ್ಲ. ಎಲ್ಲ ಸರಿ ನಡೀತಿದೆಯಾ ಅಂತ.'

'ಸರಿ ನಡೀತಿದೆ.'

'ಕೈ?'

'ಈಗ ಎಡಗೈಲಿ ಎತ್ತಿಡೋದು ಬೇಡ. ತಾನೇ ಹೋಗುತ್ತೆ. ಬೇಗ ಅಲ್ಲ, ಹೋಗುತ್ತೆ.' ಹಿಂದೆ ಯಾರೋ ಕೂಗಿದರು. 'ಒಂದ್ನಿಮಿಷ ಇರಿ, ಇಡಬೇಡಿ.'

ಫೋನನ್ನು ಕೌಂಟರಿನ ಮೇಲಿಟ್ಟ ಸದ್ದು ಕೇಳಿಸಿತು. ಐನಾರ್ ಕಿವಿಗೊಟ್ಟ. ಯಾರೋ ಬೂಟಿನ ಹಿಮ ಕೊಡವಿದರು. ರೆಜಾನ್ ಯಾವುದೋ ಚೈನಿನ ಉದ್ದದ ಬಗ್ಗೆ ತಕರಾರು ತೆಗೆದ. ಲೋರ್ನಾ, 'ಅಳೆಯೋಕೆ ಬರಲ್ಲ ಅಂದ್ರೆ ಹಾಗೆ ಹೇಳು, ಚೈನಿನ ಮೇಲೆ ಯಾಕೆ ಹಾಕ್ತೀಯ?' ಎಂದಳು. ಎಲ್ಲರೂ ನಕ್ಕರು. ನಗುವಿಗೆ ಕಾರಣ ಪೂರ್ತಿ ತಿಳಿಯದಿದ್ದರೂ ಅಡುಗೆಮನೆಯಲ್ಲಿ ಅವನೂ ನಕ್ಕ. ನಾಲ್ಕೈದು ನಿಮಿಷ ಹಾಗೇ ಕಳೆಯಿತು.

'ಅಯ್ಯೋ, ಇನ್ನೂ ಇದೀರಾ?'

'ಇದೀನಿ.'

'ಜನ ತುಂಬಾ ಇದಾರೆ ಕಣ್ರೀ. ಬೇರೇನಾದ್ರೂ ಹೇಳೋದಿತ್ತಾ?'

ಇತ್ತು. ಹುಡುಕಿದರೆ ಸಿಗಲಿಲ್ಲ.

'ಇಲ್ಲ,' ಎಂದ. 'ನೋಡ್ಕೊಳಿ ಕೆಲಸ.'

ಅವಳು ಫೋನಿಟ್ಟಳು. ಐನಾರ್ ಒಬ್ಬನಿಗಾಗುವಷ್ಟು ಕಾಫಿಪುಡಿ ಅಳೆದು ನೀರಿಟ್ಟ. ಕಿಟಕಿಯಾಚೆ ಬಂದರಿನ ನೀರು ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು.